ಕೆಳಗಿನ ಸಹಿ

ಅಕ್ಕಲಕೋಟ
ರವಿವಾರ, ತಾ. ೧೭-೯-೧೯೭೮

ತೀರ್ಥರೂಪ ದಾಮಣ್ಣನಿಗೆ,

ನಮಸ್ಕಾರ. ಪ್ರತಿ ಸಲ ಸಾಷ್ಟಾಂಗ ಎಂದು ಬರೆಯುತ್ತಿದ್ದೆ. ಈ ಸಲ ನಿಂತುಕೊಂಡೇ ಮಾಡಿದ್ದೇನೆ, ಹಾಗೆಯೇ ಸ್ವೀಕರಿಸು. ಆರೋಗ್ಯ ಕೇಳದೆ ವಿಷಯಕ್ಕೆ ಕೈಹಾಕಬಾರದು ಎಂದು ಅಪ್ಪ ನಮ್ಮಿಬ್ಬರಿಗೂ ಕಲಿಸಿದ್ದರು, ಅದಕ್ಕೇ ಕೇಳುತ್ತೇನೆ. ನಿನ್ನ ಬೆನ್ನು ಹೇಗಿದೆ? ಡಾಕ್ಟರು ಹೇಳಿದ ಪಟ್ಟಾ ಕಟ್ಟಿಕೊಂಡು ಕಚೇರಿಗೆ ಹೋಗುತ್ತೀಯೋ, ಅಥವಾ ಅದು ಗೂಟಕ್ಕೆ ನೇತಾಡುತ್ತಿದೆಯೋ? ನಿನ್ನ ಮನೆಯಲ್ಲಿ ಮುಕ್ತಾ ವೈನಿಯ ಸಕ್ಕರೆ ಕಾಯಿಲೆ ಎಲ್ಲಿಗೆ ಬಂತು? ಚಹಾಕ್ಕೆ ಅರ್ಧ ಚಮಚ ಸಾಕು ಎಂದು ಎಲ್ಲರೆದುರು ಹೇಳಿ ಒಳಗೆ ಹೋಗಿ ಡಬ್ಬಿಗೆ ಬೆರಳು ಹಾಕುವುದನ್ನು ಬಿಟ್ಟಿದ್ದಾರೋ ಇಲ್ಲವೋ? ಮತ್ತೆ ನಿನ್ನ ಬಲಗೈ ಹೇಗಿದೆ? ಅದರ ಬಗ್ಗೆ ನನಗೆ ವಿಶೇಷ ಕಾಳಜಿ. ಇತ್ತೀಚೆಗೆ ಅದರ ಮೇಲೆ ಇಬ್ಬರ ಕೆಲಸ ಬಿದ್ದಿದೆ ಎಂದು ತಿಳಿದುಬಂತು.

ಇಲ್ಲಿ ನಾವಿಬ್ಬರೂ ಆರಾಮ. ಅವ್ವನ ಮೊಣಕಾಲು ಮಳೆಗಾಲ ಮುಗಿಯುವ ತನಕ ಹೀಗೇ ಎಂದು ಅವಳೇ ತೀರ್ಪು ಕೊಟ್ಟಿದ್ದಾಳೆ. ಎಡಗಣ್ಣಿನಲ್ಲಿ ಪೊರೆ ಬಲಿಯುತ್ತಿದೆ. ಅಷ್ಟಿದ್ದರೂ ನಾನು ಬಸ್ಸಿಳಿದು ಓಣಿಗೆ ತಿರುಗುವಷ್ಟರಲ್ಲಿ, ಹೊರಗಿನ ಕಟ್ಟೆಯ ಮೇಲಿಂದ ನನ್ನ ನಡಿಗೆ ನೋಡಿಯೇ ಸೊಲ್ಲಾಪುರದಲ್ಲಿ ಇವತ್ತು ಏನಾಯಿತು ಎಂದು ಹೇಳಿಬಿಡುತ್ತಾಳೆ. ನನ್ನದು ಎಂದಿನಂತೆ. ಮುಂಜಾನೆ ಏಳರ ಬಸ್ಸು, ಮಿಲ್ಲಿನ ಪಗಾರ ಖಾತೆ, ಸಂಜೆ ಆರೂವರೆಯ ಬಸ್ಸು. ಕೂಡಲು ಸಿಕ್ಕರೆ ಯೋಗ, ನಿಂತರೆ ಸೊಂಟಕ್ಕೆ ರೋಗ. ಪ್ರಾಸಕ್ಕೆ ಕ್ಷಮಿಸು. ಸಿಟ್ಟು ಬಂದಾಗ ನನಗೆ ಪ್ರಾಸ ಹೆಚ್ಚು ಬರುತ್ತದೆ ಎಂಬುದು ನಿನಗೆ ಚಿಕ್ಕಂದಿನಿಂದ ಗೊತ್ತು. ಹೋದ ಐದು ದಿನಗಳಿಂದ ಈರುಳ್ಳಿ ಹೆಚ್ಚುವಾಗಲೂ ಬರುತ್ತಿದೆ.

ಮಂಗಳವಾರ ಅವ್ವನ ಕಣ್ಣು ತೋರಿಸಲು ರಜೆ ಹಾಕಿದ್ದೆ. ನಾವು ಹೊರಡುವ ಹೊತ್ತಿಗೆ ಅಂಚೆಯ ಗೊಲ್ಲಾಳಪ್ಪ ಸೈಕಲ್ಲನ್ನು ಕಟ್ಟೆಗೆ ಆನಿಸಿ ಒಂದು ಉದ್ದನೆಯ ಲಕೋಟೆ ತೆಗೆದ. "ರಜಿಸ್ಟರ್ ಅದರಿ ಬಾಯಾರ, ದಾಮಣ್ಣಾರ ಹೆಸರಿಗಿ. ಅವರಂತೂ ನಾಗಪೂರದಾಗ. ಸಹಿ ಯಾರ ಮಾಡ್ತೀರಿ?" ಎಂದ. ಅವನದು ಎಷ್ಟು ಒಳ್ಳೆಯ ಪ್ರಶ್ನೆ ಎಂದು ಆಗ ನನಗೆ ತಿಳಿಯಲಿಲ್ಲ. ಅಣ್ಣನ ಪರವಾಗಿ ಎಂದು ಬರೆದು, ಅದರ ಕೆಳಗೆ ನನ್ನದೇ ಹೆಸರು ಬರೆದು ತೆಗೆದುಕೊಂಡೆ. ಪರವಾಗಿ ಮಾಡುವಾಗ ಹಾಗೆ ಮಾಡಬೇಕು, ಇದು ನಿನ್ನಂಥ ಸರಕಾರಿ ಹೆಡ್ ಕ್ಲಾರ್ಕನಿಗೆ ನಾನು ಹೇಳಿಕೊಡುವ ವಿಷಯವಲ್ಲ. ಲಕೋಟೆ ಪುಣೆಯಿಂದ, ನಮ್ಮ ಗಣಿತಾ ಕಂಪನಿಯಿಂದ ಬಂದದ್ದು. ಲೆಕ್ಕದ ಯಂತ್ರ ಮಾಡುವ ಕಾರಖಾನೆಗೆ ನಾನು ನಮ್ಮ ಎನ್ನುವುದನ್ನು ಕೇಳಿ ನೀನು ಆರು ವರ್ಷದಿಂದ ನಗುತ್ತಿದ್ದಿ. ನಗು. ಅದರಲ್ಲಿ ನನ್ನ ನೂರ ಐವತ್ತು ಷೇರುಗಳಿವೆ, ನಮ್ಮ ಎನ್ನುತ್ತೇನೆ. ಕಂಪನಿಯ ಪತ್ರಗಳೆಲ್ಲ ಮೊದಲ ಹೆಸರಿನವನಾದ ನಿನ್ನ ಹೆಸರಿಗೆ ಈ ಮನೆಗೇ ಬರುತ್ತವೆ, ನಾನೇ ಒಡೆಯುತ್ತೇನೆ. ವರ್ಷದ ವರದಿ ಇರಬೇಕೆಂದು ಒಡೆದೆ.

ಒಳಗೆ ಮೂರು ಕಾಗದ. ಒಂದು, ನಮ್ಮ ಷೇರು ಪತ್ರ. ಹೋದ ದೀಪಾವಳಿಗೆ ಬಂದಾಗ "ಇಲ್ಲೆ ಟ್ರಂಕಿನಾಗ ಇಲಿ ತಿಂದಾವು, ಕೊಡು, ನಾಗಪೂರದಾಗ ಬ್ಯಾಂಕಿನ ಲಾಕರಿನಾಗ ಇಡ್ತೀನಿ" ಎಂದು ನೀನು ಒಯ್ದದ್ದು. ಎರಡು, ವರ್ಗಾವಣೆಯ ಪತ್ರ. ನೂರ ಐವತ್ತೂ ಷೇರುಗಳನ್ನು ಒಂದಕ್ಕೆ ಐದೂಕಾಲು ರೂಪಾಯಿಯಂತೆ ನಾಗಪುರದ ಯಾರೋ ದಲಾಲನಿಗೆ ಮಾರಿದ್ದೇವೆ ಎಂದು ನಾವಿಬ್ಬರೂ ಬರೆದುಕೊಟ್ಟದ್ದು. ಮೇಲೆ ನಿನ್ನ ಸಹಿ, ಕೆಳಗೆ ನನ್ನ ಸಹಿ. ಮೂರು, ಕಂಪನಿಯ ನಾಲ್ಕು ಸಾಲಿನ ಚೀಟಿ: ಎರಡನೆಯ ಹೆಸರಿನವರ ಸಹಿ ನಮ್ಮ ದಫ್ತರದಲ್ಲಿರುವ ಸಹಿಗೆ ಹೊಂದುವುದಿಲ್ಲ, ಆದ್ದರಿಂದ ಎಲ್ಲವನ್ನೂ ಹಿಂತಿರುಗಿಸಿದ್ದೇವೆ. ಇಂಗ್ಲಿಷಿನಲ್ಲಿತ್ತು. ಈ ಸಲ ನಿಘಂಟು ಬೇಕಾಗಲಿಲ್ಲ.

ಅಲ್ಲೇ ಕಟ್ಟೆಯ ಮೇಲೆ ಕುಳಿತೆ. ನಾನು ಮಾಡದ ನನ್ನ ಸಹಿಯನ್ನು ಬಹಳ ಹೊತ್ತು ನೋಡಿದೆ. ಒಪ್ಪಬೇಕು, ಚೆನ್ನಾಗಿ ಮಾಡಿದ್ದಿ. ಮಿಲ್ಲಿನ ಪಗಾರ ಪುಸ್ತಕದಲ್ಲಿ ಇಪ್ಪತ್ತೊಂದು ವರ್ಷದಿಂದ ಪ್ರತಿ ತಿಂಗಳ ಏಳನೇ ತಾರೀಖಿಗೆ ಮಾಡುವ ನನ್ನ ಮರಾಠಿ ಸಹಿ. ಮೊದಲಕ್ಷರದ ಬಾಲ, ಮೇಲಿನ ಗೆರೆ ನಡುವೆ ಮುರಿಯುವುದು, ಕಡೆಯಲ್ಲಿ ಎರಡು ಚುಕ್ಕೆ, ಎಲ್ಲ ಬಂದಿದೆ. ನೀನು ಯಾವುದನ್ನು ನೋಡಿ ಕಲಿತಿ ಎಂದು ವಿಚಾರ ಮಾಡಿದೆ. ಆಮೇಲೆ ಹೊಳೆಯಿತು. ಪ್ರತಿ ವರ್ಷ ಭಾವುಬೀಜಕ್ಕೆ ನೀನು ಇಪ್ಪತ್ತೈದು ರೂಪಾಯಿ ಮನಿಆರ್ಡರ್ ಕಳಿಸುತ್ತಿ. ಮುಟ್ಟಿತು ಎಂದು ನಾನು ಸಹಿ ಮಾಡಿದ ತುಂಡು ಕಾಗದ ನಿನಗೆ ಹಿಂತಿರುಗಿ ಬರುತ್ತದೆ. ಅಣ್ಣ ತಂಗಿಗೆ ಕೊಡುವ ಉಡುಗೊರೆಯ ಪಾವತಿ. ಅದನ್ನೇ ಎದುರಿಗಿಟ್ಟುಕೊಂಡು ಬರೆದಿದ್ದಿ. ಇದಕ್ಕೆ ನನ್ನಲ್ಲಿ ಪ್ರಾಸವಿಲ್ಲ.

ಆದರೆ ದಾಮಣ್ಣ, ಇಷ್ಟು ಶ್ರದ್ಧೆಯಿಂದ ನೀನು ನಕಲು ಮಾಡಿದ್ದು ಬೇರೆ ಸಹಿಯನ್ನು. ಕಂಪನಿಯಲ್ಲಿರುವ ನನ್ನ ಸಹಿ ಕನ್ನಡದ್ದು. ನಿನಗೆ ಗೊತ್ತೇ ಇರಲಿಲ್ಲ. ಆರು ವರ್ಷದಿಂದ ನಿನ್ನ ಹೆಸರಿನ ಕೆಳಗೆ ಕುಳಿತಿರುವ ಹೆಸರು ಯಾವ ಅಕ್ಷರದಲ್ಲಿದೆ ಎಂದು ನೀನು ಒಮ್ಮೆಯೂ ಕೇಳಿರಲಿಲ್ಲ. ಅವತ್ತು ಕಣ್ಣಿನ ಡಾಕ್ಟರ ಬಾಗಿಲಲ್ಲಿ ಪಾಳಿ ಕಾಯುತ್ತ ಕಟ್ಟಿದ್ದು ಇದು:

ಮೇಲಿನ ಸಹಿಯೂ ಅಣ್ಣಂದು,
ಕೆಳಗಿನ ಸಹಿಯೂ ಅಣ್ಣಂದು,
ನಡುವಿನ ಬಂಗಾರ ನಂದು.

ಬಂಗಾರದ ಮಾತು ಬಂತು, ಆದ್ದರಿಂದ ಮೊದಲಿನಿಂದ ಹೇಳುತ್ತೇನೆ. ನಿನಗೆ ಗೊತ್ತು ಎಂದು ನೀನು ತಿಳಿದಿರುವ ಕಥೆಯೇ, ಆದರೆ ನೀನು ಒಮ್ಮೆಯೂ ಪೂರ್ತಿ ಕೇಳಿಲ್ಲ. ಅರ್ಧಕ್ಕೇ "ಅದೇನ ಡಬ್ಬಿ ಪುರಾಣ ಹಚ್ಚೀದಿ" ಎಂದು ಎದ್ದುಹೋಗುತ್ತಿದ್ದಿ. ೧೯೭೧ರಲ್ಲಿ ನಮ್ಮ ಪಗಾರ ಖಾತೆಯಲ್ಲಿ ಹಿಡಿಕೆ ತಿರುಗಿಸುವ ಕಬ್ಬಿಣದ ಲೆಕ್ಕದ ಯಂತ್ರವಿತ್ತು. ಒಂದು ಗುಣಾಕಾರಕ್ಕೆ ಏಳೆಂಟು ಸುತ್ತು. ಹದಿನಾಲ್ಕು ವರ್ಷ ಅದನ್ನು ತಿರುಗಿಸಿಯೇ ನನ್ನ ಈ ಭುಜ ಇಳಿದದ್ದು. ವೈಂಡಿಂಗ್ ಖಾತೆಯಲ್ಲಿ ನೂಲು ಸುತ್ತುವ ಸಕ್ಕುಬಾಯಿ ಎಂಬವಳು ಮೂರು ತಿಂಗಳು ಸತತವಾಗಿ ನನ್ನ ಕಿಟಕಿಗೆ ಬಂದು ಪಗಾರ ಕಡಿಮೆ ಬಿದ್ದಿದೆ ಎಂದು ಜಗಳ ತೆಗೆದಳು. ಕುರಿ ಸಾಕುವ ಮನೆತನದವಳು, ಓದು ಬರಹ ಇಲ್ಲ. ನಾನು ಮೂರು ಸಲವೂ ಯಂತ್ರ ತಿರುಗಿಸಿ ತೋರಿಸಿ, ಸರಿಯಿದೆ ಹೋಗು ಎಂದೆ. "ಬಾಯಾರ, ನಿಮ್ಮ ಮಶೀನಿ ಸುಳ್ಳ ಹೇಳಾಕತ್ತೈತಿ ನೋಡ್ರಿ. ನಾ ಸುತ್ತಿದ ನೂಲು ನನಗ ಗೊತ್ತೈತಿ. ಕುರಿ ಎಣಿಸಿದಾಕಿ ನಾ, ಒಂದ ಮರಿ ತಪ್ಪಿದ್ರ ನಮಗ ನಿದ್ದಿ ಬರಾಂಗಿಲ್ಲ" ಎಂದಳು. ನಾನು ಬಿ.ಎ. ಪಾಸಾದವಳು, ಧಾರವಾಡದಲ್ಲಿ ಓದಿದವಳು, ನಗುತ್ತ ಕಳಿಸಿಬಿಟ್ಟೆ. ನೀನು ನನ್ನನ್ನು ಕಳಿಸುತ್ತೀಯಲ್ಲ, ಅದೇ ನಗು.

ಅದೇ ವಾರ ಪುಣೆಯಿಂದ ಗಣಿತಾ ಕಂಪನಿಯ ಮನುಷ್ಯನೊಬ್ಬ ಹೊಸ ಯಂತ್ರ ತೋರಿಸಲು ಬಂದ. ಹಿಡಿಕೆ ಇಲ್ಲ, ಸಪ್ಪಳ ಇಲ್ಲ. ಗುಂಡಿ ಒತ್ತಿದರೆ ಕಪ್ಪು ಗಾಜಿನ ಹಿಂದೆ ಅಂಕಿಗಳು ಕೆಂಡದ ಬಣ್ಣದಲ್ಲಿ ಹೊತ್ತಿಕೊಳ್ಳುತ್ತಿದ್ದವು. ಅವನನ್ನು ಪೇಚಿಗೆ ಸಿಕ್ಕಿಸಬೇಕೆಂದು ನನಗೆ ಬಾಯಿಪಾಠವಾಗಿದ್ದ ಸಕ್ಕುಬಾಯಿಯ ಲೆಕ್ಕವನ್ನೇ ಕೊಟ್ಟೆ. ಬೇರೆ ಉತ್ತರ ಬಂತು. ಇನ್ನೊಮ್ಮೆ ಒತ್ತಿದೆ. ಅದೇ. ಕಡೆಗೆ ಕಾಗದ ಪೆನ್ಸಿಲ್ ಹಿಡಿದು ನಾನೇ ಮಾಡಿದೆ. ಯಂತ್ರದ್ದು ಸರಿ, ನಂದು ತಪ್ಪು. ನಮ್ಮ ಕಬ್ಬಿಣದ ಯಂತ್ರದ ಒಂದು ಹಲ್ಲು ಸವೆದಿತ್ತು. ಒಂಬತ್ತು ದಾಟಿದ ಮೇಲೆ ಪಕ್ಕದ ಮನೆಗೆ ಒಂದು ಹೋಗಬೇಕಲ್ಲ, ಅದು ಕೆಲವೊಮ್ಮೆ ಹೋಗುತ್ತಿರಲಿಲ್ಲ. ಸಕ್ಕುಬಾಯಿಗೆ ತಿಂಗಳಿಗೆ ನಾಲ್ಕು ರೂಪಾಯಿ ಕಡಿಮೆ ಬೀಳುತ್ತಿತ್ತು, ಮತ್ತು ನಾನು ಅವಳನ್ನು ಸುಳ್ಳಿ ಎಂದು ಎಣಿಸಿ ನಕ್ಕಿದ್ದೆ. ಕರೆದು ತೋರಿಸಿದೆ. ಅವಳು ಆ ಕೆಂಡದ ಅಂಕಿಗಳನ್ನು ದೇವರ ದೀಪ ನೋಡಿದಂತೆ ನೋಡಿ "ಈ ಡಬ್ಬಿ ನಮ್ಮ ಪೈಕಿ ಐತ್ರಿ ಬಾಯಾರ" ಎಂದಳು. ಇಷ್ಟೇ ನನ್ನ ಡಬ್ಬಿ ಪುರಾಣ. ಹೆದರಿ ಲೆಕ್ಕ ಮಾಡದ, ದಣಿದು ತಪ್ಪದ, ಬಿ.ಎ. ಪಾಸಾಗದ ಒಂದು ವಸ್ತು. ಅದು ನಾಳೆ ಪ್ರತಿ ಅಂಗಡಿಯಲ್ಲಿ, ಪ್ರತಿ ಕಚೇರಿಯಲ್ಲಿ ಇರುತ್ತದೆ ಎಂದು ನನಗೆ ಅವತ್ತು ಅನ್ನಿಸಿತು. ಮಿಲ್ಲಿನವರು ಬೆಲೆ ಕೇಳಿ ಚಹಾ ಕುಡಿಸಿ ಕಳಿಸಿದರು. ನನ್ನ ಒಂದೂವರೆ ವರ್ಷದ ಪಗಾರವಾಗುತ್ತಿತ್ತು. ಮರುವರ್ಷ ಕಂಪನಿ ಜನರಿಗೆ ಷೇರು ಕೊಡುತ್ತದೆ ಎಂದು ಪೇಪರಿನಲ್ಲಿ ಬಂತು. ಯಂತ್ರ ಕೊಳ್ಳುವ ಶಕ್ತಿ ಮಿಲ್ಲಿಗಿರಲಿಲ್ಲ, ಕಾರಖಾನೆಯ ಒಂದು ಇಟ್ಟಿಗೆ ಕೊಳ್ಳುವ ಶಕ್ತಿ ನನಗಿತ್ತು.

ನನ್ನ ಮದುವೆಗೆಂದು ಅಪ್ಪ ಮಾಡಿಸಿಟ್ಟ ಬಂಗಾರದ ಪಾಟ್ಲಿ ಬಳೆಗಳು ಹದಿನೆಂಟು ವರ್ಷ ಟ್ರಂಕಿನಲ್ಲಿದ್ದವು. ಆಗ ನನಗೆ ಮೂವತ್ತೊಂಬತ್ತು. ಇನ್ನು ಅವು ಯಾವ ಮಂಟಪವನ್ನೂ ನೋಡುವುದಿಲ್ಲ ಎಂಬುದು ಓಣಿಗೆಲ್ಲ ಗೊತ್ತಿತ್ತು, ಟ್ರಂಕಿಗೆ ಮಾತ್ರ ಗೊತ್ತಿರಲಿಲ್ಲ. ಮಾರಿದೆ. ನೀನು ಆಗ ಸೊಲ್ಲಾಪುರದಲ್ಲೇ ಇದ್ದಿ, ಅರ್ಜಿ ತುಂಬಲು ಬ್ಯಾಂಕಿಗೆ ಬಂದಿ. "ಹೆಣ್ಮಗಳು ಒಬ್ಬಾಕಿ ಹೆಸರಿಲೆ ಬ್ಯಾಡ. ನಾಳೆ ಏನರ ಪತ್ರವ್ಯವಹಾರ ಅಂದ್ರ ಯಾರ ಓಡ್ಯಾಡಬೇಕು? ಮ್ಯಾಲ ನಂದು ಇರಲಿ, ಕೆಳಗ ನಿಂದು" ಎಂದಿ. ನನ್ನ ಪಾಟ್ಲಿ, ನಿನ್ನ ಹೆಸರು. ಆಗಲೂ ಸಿಟ್ಟು ಬಂದಿತ್ತು, ನುಂಗಿದೆ. ನೀನು ಸಹಿ ಮಾಡಿ "ಕಚೇರಿಗೆ ಹೊತ್ತಾತು, ನೀ ಮಾಡಿ ಕೊಟ್ಟು ಹೋಗು" ಎಂದು ಹೋದಿ. ನಾನು ಪೆನ್ನು ಹಿಡಿದು ಕುಳಿತೆ. ರಾಜ್ಯಗಳು ಹಂಚಿಹೋದ ಮೇಲೆ ಈ ಊರು ಮಹಾರಾಷ್ಟ್ರದ ಕಡೆ ಉಳಿದು, ಕಚೇರಿ, ಮಿಲ್ಲು, ರೇಶನ್ ಕಾರ್ಡು ಎಲ್ಲದರಲ್ಲೂ ಕೇಳಿದವರಿಗೆ ಕೇಳಿದ ಅಕ್ಷರದಲ್ಲಿ ಸಹಿ ಮಾಡಿದ್ದೇನೆ. ಮರಾಠಿಯ ಮೇಲೆ ನನಗೆ ಜಗಳವಿಲ್ಲ, ಬಸ್ಸಿನ ತುಂಬ ಅದನ್ನೇ ಆಡುತ್ತೇನೆ. ಆದರೆ ಈ ಒಂದು ಕಾಗದ ನಾನೇ ಬೇಕೆಂದು ಮಾಡಿದ್ದು. ಅದರ ಮೇಲೆ ನನಗೆ ಬೇಕಾದಂತೆ ಬರೆಯುತ್ತೇನೆ ಎಂದುಕೊಂಡು, ಅಪ್ಪ ಮರಳ ಮೇಲೆ ತಿದ್ದಿಸಿದ ಕನ್ನಡದಲ್ಲಿ ಪೂರ್ತಿ ಹೆಸರು ಬರೆದೆ. ಗುಮಾಸ್ತ ತಲೆಯೆತ್ತಿ "ಹೇ ಕಾಯ್, ಬಾಯಿ?", ಇದೇನು ಎಂದ. ಸಹಿ ಎಂದೆ. ತೆಗೆದುಕೊಂಡ. ನನ್ನ ಬದುಕಿನಲ್ಲಿ ಅಷ್ಟು ಸಣ್ಣ ಮಾತಿಗೆ ಅಷ್ಟು ದೊಡ್ಡ ಸಂತೋಷ ಮತ್ತೆ ಆಗಿಲ್ಲ.

ಆಮೇಲಿನದು ಏಳುಬೀಳು ಎನ್ನುವಂತಿಲ್ಲ, ಬರೀ ಬೀಳು. ಎಪ್ಪತ್ಮೂರರಲ್ಲಿ ಪರದೇಶದಿಂದ ಬರುವ ಭಾಗಗಳು ನಿಂತವು. ಎಪ್ಪತ್ನಾಲ್ಕರಲ್ಲಿ ಕಾರಖಾನೆಗೆ ಬೀಗ, ತೆರೆದದ್ದು ಮರುವರ್ಷ. ಹತ್ತು ರೂಪಾಯಿಯ ಷೇರು ಮೂರಕ್ಕೆ ಇಳಿಯಿತು. ಒಂದೇ ಒಂದು ಸಲ ಅರವತ್ತು ರೂಪಾಯಿ ಲಾಭಾಂಶ ಬಂತು, ಅವ್ವನಿಗೆ ಚಷ್ಮಾ ಮಾಡಿಸಿದೆ. ನಾನು ಹೆದರಲಿಲ್ಲ ಎಂದು ತಿಳಿಯಬೇಡ. ಬೀಗ ಬಿದ್ದ ವರ್ಷ ಒಂದು ಶನಿವಾರ ಷೇರು ಪತ್ರವನ್ನು ಚೀಲದಲ್ಲಿಟ್ಟುಕೊಂಡು ನವಿ ಪೇಠದ ದಲಾಲನ ಮಾಳಿಗೆಗೆ ಹೋಗಿದ್ದೆ. ಹನ್ನೊಂದು ಮೆಟ್ಟಿಲು. ಎಂಟು ಹತ್ತಿ ನಿಂತೆ. ಮೇಲೆ ಗಂಡಸರು ನಗುವ ಸಪ್ಪಳ ಕೇಳಿಸಿತು. ಅವರು ನಕ್ಕದ್ದು ಬೇರೆ ಯಾವುದಕ್ಕೋ ಇರಬೇಕು, ಆದರೆ ನನಗೆ ನಿನ್ನ ನಗು ಎನ್ನಿಸಿತು, ಇಳಿದು ಬಂದೆ. ಅಷ್ಟರ ಮಟ್ಟಿಗೆ ನಿನ್ನ ಉಪಕಾರವಿದೆ.

ಎಪ್ಪತ್ತಾರರಲ್ಲಿ ಕಂಪನಿಯ ವಾರ್ಷಿಕ ಸಭೆಗೆ ಪುಣೆಗೆ ಹೋದೆ. "ರೊಟ್ಟಿ ಕಟಗೊಂಡು ಕಂಪನಿ ನಡಸಾಕ ಹೊಂಟಾಳ" ಎಂದು ನೀನು ಬೀಗರ ಮನೆಯಲ್ಲೆಲ್ಲ ಹೇಳಿಕೊಂಡು ತಿರುಗಿದೆಯಂತೆ. ಹೌದು, ರೊಟ್ಟಿ ಮತ್ತು ಶೇಂಗಾ ಹಿಂಡಿ. ಸಭೆಯಲ್ಲಿ ನಾನೊಬ್ಬಳೇ ಹೆಣ್ಣು. ಎಲ್ಲರೂ ಲಾಭಾಂಶ ಕೇಳಿದರು. ನಾನು ಎದ್ದು, ನಿಮ್ಮ ಯಂತ್ರದ ಏಳರ ಗುಂಡಿ ಒತ್ತಿದರೆ ಒಮ್ಮೊಮ್ಮೆ ಎರಡು ಏಳು ಬೀಳುತ್ತವೆ, ಅದರಿಂದ ಒಬ್ಬರ ಪಗಾರ ಕೆಡುತ್ತದೆ, ಯಾವಾಗ ಸರಿಮಾಡುತ್ತೀರಿ ಎಂದು ಕೇಳಿದೆ. ಇದು ನನಗೆ ಗೊತ್ತಾದದ್ದು ಹೇಗೆ ಎಂದರೆ, ರವಿವಾರ ಕೆಲವೊಮ್ಮೆ ಅಕ್ಕಲಕೋಟ ರಸ್ತೆಯ ಎಂಐಡಿಸಿ ಕಾರಖಾನೆಗಳ ಪ್ರದೇಶಕ್ಕೆ ಹೋಗಿ, ಪವರ್‌ಲೂಮಿನವರ ಕಚೇರಿಗಳಲ್ಲಿ ಯಾರ ಮೇಜಿನ ಮೇಲೆ ಯಾವ ಯಂತ್ರ ಇದೆ ಎಂದು ಕಿಟಕಿಯಿಂದ ನೋಡಿ, ಇದ್ದಲ್ಲಿ ಒಳಗೆ ಹೋಗಿ ಹೇಗಿದೆ ಎಂದು ಕೇಳುತ್ತೇನೆ. ನೀರು ಕುಡಿಯುವ ನೆವ. ಹೋದ ವರ್ಷ ಮೂರು ಇದ್ದವು, ಈ ವರ್ಷ ಹನ್ನೊಂದು. ಮತ್ತು ಏಳರ ಗುಂಡಿ ಈಗ ಒಂದೇ ಏಳು ಕೊಡುತ್ತದೆ. ಅದನ್ನು ನೋಡಿದ ದಿನ ಬಸ್ಸಿನಲ್ಲಿ ನಿಂತೇ ಬಂದೆ, ಸೊಂಟ ನೋಯಲಿಲ್ಲ.

ಎಲ್ಲ ಒಳ್ಳೆಯದೇ ಎಂದು ನಾನು ಹೇಳುತ್ತಿಲ್ಲ. ನವಿ ಪೇಠದಲ್ಲಿ ಇಂಥ ಯಂತ್ರ ಮಾರುವ ಬಸಣ್ಣನನ್ನು ಪ್ರತಿ ತಿಂಗಳು ಕೇಳುತ್ತೇನೆ. "ಖರೇ ಹೇಳ್ಲ್ಯಾ ಬಾಯಾರ, ಗಣಿತಾ ಕೇಳಾವ್ರು ಕಡಿಮಿ, ದುಬೈ ಮಾಲು ಕೇಳಾವ್ರು ಭಾಳ. ಆದ್ರ ದುಬೈದು ಕೆಟ್ರ ಕಸಕ್ಕ ಹೋಗ್ತದ, ಇದು ಕೆಟ್ರ ನನ್ನ ಅಂಗಡಿಗಿ ಬರ್ತದ" ಎನ್ನುತ್ತಾನೆ. ಇದು ಒಳ್ಳೆಯ ಸುದ್ದಿಯೋ ಕೆಟ್ಟದ್ದೋ ಅವನಿಗೂ ಗೊತ್ತಿಲ್ಲ, ನನಗೂ ಇಲ್ಲ. ಕಳ್ಳಮಾಲಿನ ಕೈಯಲ್ಲಿ ಕಂಪನಿ ಮುಳುಗಲೂಬಹುದು. ಇನ್ನು ಹತ್ತು ವರ್ಷ ಕಾಯಬೇಕು ಎಂದು ನಾನು ಲೆಕ್ಕ ಹಾಕಿದ್ದೇನೆ, ಅಷ್ಟರಲ್ಲಿ ನನ್ನ ನೌಕರಿಯೂ ಮುಗಿಯುತ್ತದೆ. ಲೆಕ್ಕ ತಪ್ಪಿದರೆ ತಪ್ಪಿತು. ಗೊತ್ತಿದ್ದೇ ಕುಳಿತಿದ್ದೇನೆ.

ನೀನು ಜುಲೈ ತಿಂಗಳಲ್ಲಿ ಬರೆದ ಪತ್ರ ನನ್ನ ಮುಂದಿದೆ. ಪಾಟ್ಲಿ ಹಾಗೇ ಇಟ್ಟಿದ್ದರೆ ಇವತ್ತು ಮೂರು ಪಟ್ಟಿಗಿಂತ ಹೆಚ್ಚಾಗುತ್ತಿತ್ತು, ಈಗ ಬಂದಷ್ಟು ತೆಗೆದುಕೊಂಡು ಬ್ಯಾಂಕಿನಲ್ಲಿ ಮುದತಿ ಠೇವಣಿ ಇಡೋಣ ಎಂದು ಬರೆದಿದ್ದಿ. ನೀನು ಸಾಲೆಯಲ್ಲಿದ್ದಾಗ ನಾನು ಕಟ್ಟಿದ ಹಾಡು ನೆನಪಿದೆಯಲ್ಲ: "ದಾಮೂನ ಮಾರಿ ಗಪ್ಪ, ಲೆಕ್ಕ ಎಲ್ಲಾ ತಪ್ಪ." ಮೂರನೆಯ ಸಾಲು ಇಲ್ಲಿ ಬರೆಯುವುದಿಲ್ಲ. ಆದರೆ ಈ ಒಂದು ಲೆಕ್ಕ ನಿನ್ನದು ಸರಿ. ಬಂಗಾರ ಮೂರು ಪಟ್ಟಾಗಿದೆ, ನನ್ನ ಷೇರು ಅರ್ಧವಾಗಿದೆ. ಪೇಟೆಯಲ್ಲಿ ಸರಾಫರ ಫಲಕ ನೋಡಿದಾಗಲೆಲ್ಲ ನಾನೂ ನಿಂತು ಪಾಟ್ಲಿಯ ತೂಕಕ್ಕೆ ಗುಣಿಸಿ ನೋಡುತ್ತೇನೆ. ಆದರೂ ಮಾರುವುದಿಲ್ಲ ಎಂದೆ. ಪಾಟ್ಲಿ ಹದಿನೆಂಟು ವರ್ಷ ಟ್ರಂಕಿನಲ್ಲಿ ಕುಳಿತು ಯಾರ ಪಗಾರವನ್ನೂ ಸರಿಮಾಡಲಿಲ್ಲ ಎಂದು ನಿನಗೆ ಕಾರ್ಡು ಬರೆದೆ. ಕಾರ್ಡಿನ ಕೊನೆಗೆ ದೊಡ್ಡ ಅಕ್ಷರದಲ್ಲಿ "ಮಾರುವುದಿಲ್ಲ, ಮಾತು ಜಾರುವುದಿಲ್ಲ" ಎಂದೂ ಬರೆದೆ. ಅದು ನಿನಗೆ ಮುಟ್ಟಿತು. ಮುಟ್ಟಿದ ಹದಿನೈದು ದಿನಕ್ಕೆ ನೀನು ದಲಾಲನ ಬಳಿ ಕುಳಿತು ನನ್ನ ಹೆಸರು ಬರೆದೆ.

ನೀನು ದುಡ್ಡು ನುಂಗಲು ಮಾಡಿಲ್ಲ, ಅದು ನನಗೆ ಗೊತ್ತು. ಪೈಸೆ ಪೈಸೆ ಲೆಕ್ಕ ಕೊಟ್ಟು, ಠೇವಣಿಯ ರಸೀದಿ ಕಳಿಸಿ, ಮೇಲೊಂದು ಪತ್ರ ಬರೆದು, ಸಿಟ್ಟಾಗಬೇಡ ಕುಮೂ, ನಿನ್ನ ಮುಪ್ಪಿನ ಚಿಂತೆಗೆ ಮಾಡಿದೆ ಎನ್ನುತ್ತಿದ್ದಿ. ಅವ್ವನೂ ಮಂಗಳವಾರದಿಂದ ಅದನ್ನೇ ಹೇಳುತ್ತಿದ್ದಾಳೆ: "ಅಂವ ನಿನ್ನ ಒಳ್ಳೇದಕ್ಕ ಮಾಡ್ಯಾನವಾ, ಬಿಟ್ಟುಬಿಡು." ನನಗೆ ಬೆಂಕಿ ಹತ್ತುವುದು ಅಲ್ಲಿಯೇ. ನೀನು ಕಳ್ಳನಾಗಿದ್ದರೆ ನನ್ನ ಕಷ್ಟ ಇಷ್ಟಿರುತ್ತಿರಲಿಲ್ಲ. ಕಳ್ಳ ಅಣ್ಣನಿಗೆ ಬೈಯಬಹುದು, ನಾಲ್ಕು ಜನರೆದುರು ನಿಲ್ಲಿಸಬಹುದು, ಒಂದು ದಿನ ಕ್ಷಮಿಸಲೂಬಹುದು. ಒಳ್ಳೆಯದು ಮಾಡುವ ಅಣ್ಣನಿಗೆ ಏನು ಮಾಡಲಿ? ಅವನು ಪ್ರತಿ ಸಲ ಒಳ್ಳೆಯದನ್ನೇ ಮಾಡುತ್ತಾನೆ. ಧಾರವಾಡದಲ್ಲಿ ನನಗೆ ಸಾಲೆಯ ಮಾಸ್ತರಿಕೆ ಸಿಕ್ಕಾಗ ದೂರವಾಯಿತು ಎಂದು ನನ್ನ ಪರವಾಗಿ ಇಲ್ಲ ಎಂದು ಬರೆದವನು ನೀನೇ, ಅದೂ ಒಳ್ಳೆಯದಕ್ಕೇ. ನಾನು ಇಪ್ಪತ್ತೊಂದು ವರ್ಷ ಎರಡು ಸಾವಿರ ಜನರ ಪಗಾರ ಲೆಕ್ಕ ಮಾಡಿದ್ದೇನೆ. ಅಪ್ಪ ಹೋದ ಮೇಲೆ ಈ ಮನೆ ನಡೆಸಿದ್ದೇನೆ. ನನ್ನದೇ ಒಂದು ತಪ್ಪು ಮಾಡುವ ಯೋಗ್ಯತೆ ಮಾತ್ರ ನನಗೆ ನಿನ್ನ ದಫ್ತರದಲ್ಲಿ ಇನ್ನೂ ಮಂಜೂರಾಗಿಲ್ಲ.

ಕಂಪನಿ ಬದುಕಿದರೆ ನನ್ನ ಬುದ್ಧಿ, ಸತ್ತರೆ ನನ್ನ ಬುದ್ಧಿ. ಎರಡರಲ್ಲೂ ನನ್ನದು. ಮೂರು ರೂಪಾಯಿಗೆ ಇಳಿದಾಗಲೂ ನಾನು ಯಾರ ಮುಂದೆಯೂ ಅಳಲಿಲ್ಲ. ಮಂಗಳವಾರ, ಷೇರುಗಳು ಒಂದೂ ಕಡಿಮೆಯಾಗದೆ ನನ್ನ ಮಡಿಲಿಗೆ ತಿರುಗಿ ಬಂದ ದಿನ, ಕಣ್ಣಿನ ಡಾಕ್ಟರು ಅವ್ವನನ್ನು ಬಿಟ್ಟು ನನ್ನ ಕಣ್ಣಿಗೆ ಏನಾಗಿದೆ ಎಂದು ಕೇಳಿದರು.

ಷೇರು ಪತ್ರ ಈಗ ನನ್ನ ಹತ್ತಿರವೇ ಇದೆ. ಟ್ರಂಕಿನಲ್ಲಿಲ್ಲ, ಎಲ್ಲಿದೆ ಎಂದು ಇಲಿಗೂ ಹೇಳಿಲ್ಲ, ನಿನಗೂ ಹೇಳುವುದಿಲ್ಲ. ದಲಾಲನಿಗೆ ನೀನೇ ಏನಾದರೂ ಹೇಳಿಕೊ. ತಂಗಿ ಹುಚ್ಚಿ ಎಂದು ಹೇಳು, ನಡೆಯುತ್ತದೆ, ಅದು ನಿನಗೆ ರೂಢಿ.

ವೈನಿಗೆ ನನ್ನ ನಮಸ್ಕಾರ, ಅವರಿಗೆ ಪೂರ್ತಿ ಸಾಷ್ಟಾಂಗ. ಅವರ ಪಾಲು ಇದರಲ್ಲಿಲ್ಲ ಎಂದು ನಂಬಿದ್ದೇನೆ. ಅವ್ವನಿಗೆ ಈ ಪತ್ರವನ್ನು ಪೂರ್ತಿ ಓದಿ ಹೇಳಿದೆ. ಇಷ್ಟು ದಿನ ಬಿಟ್ಟುಬಿಡು ಎನ್ನುತ್ತಿದ್ದವಳು ಭಾವುಬೀಜದ ಪಾವತಿಯ ಮಾತು ಬಂದಾಗ ಕೈಯಲ್ಲಿದ್ದ ಬತ್ತಿ ಹೊಸೆಯುವುದನ್ನು ನಿಲ್ಲಿಸಿದಳು. ಆಶೀರ್ವಾದ ಬರೆಯಲೇ ಎಂದು ಕೇಳಿದೆ. "ಬರಿ. ಆದ್ರ ಅರ್ಧಾ ಬರಿ. ಉಳಿದರ್ಧಾ ಅಂವ ಮಾಡೂದು ಮಾಡಿದ ಮ್ಯಾಲ" ಎಂದಳು. ಆದ್ದರಿಂದ ಅವ್ವನ ಅರ್ಧ ಆಶೀರ್ವಾದ ತಲುಪಲಿ. ಬೆನ್ನಿಗೆ ಪಟ್ಟಾ ಕಟ್ಟಿಕೊ.

ನಿನ್ನ ತಂಗಿ,
ಕುಮುದಿನಿ
(ನನ್ನ ಸಹಿ ಹೀಗಿರುತ್ತದೆ. ನೋಡಿಕೊ.)

ತಾ.ಕ.: ಸೋಮವಾರ, ಬಸ್ ನಿಲ್ದಾಣದಿಂದ ಅವಸರದಲ್ಲಿ. ಜೊತೆಗೆ ಇನ್ನೊಂದು ವರ್ಗಾವಣೆಯ ಪತ್ರ ಇಟ್ಟಿದ್ದೇನೆ, ನಮ್ಮಿಬ್ಬರ ಹೆಸರಿನಿಂದ ನನ್ನೊಬ್ಬಳ ಹೆಸರಿಗೆ. ಕೆಳಗಿನ ಸಹಿ ಮಾಡಿದ್ದೇನೆ. ಮೇಲೆ ಪೆನ್ಸಿಲಿನ ಗುರುತು ಹಾಕಿದಲ್ಲಿ ನಿನ್ನದು ಬೇಕು, ಅದಿಲ್ಲದೆ ಕಂಪನಿ ಒಪ್ಪುವುದಿಲ್ಲ. ನಿನ್ನೆ ಹಿಂದಿನ ಬಾಗಿಲಲ್ಲಿ ಕುಳಿತು ನಿನ್ನ ಸಹಿಯನ್ನು ಮೂರು ಸಲ ಬರೆದು ನೋಡಿದೆ. ಮೂರನೆಯದು ನೀನು ಮಾಡುವುದಕ್ಕಿಂತ ಚೆನ್ನಾಗಿ ಬಂತು. ಒಲೆಗೆ ಹಾಕಿದೆ. ಈ ವಿದ್ಯೆ ಈ ಮನೆಯಲ್ಲಿ ಮೊದಲು ಕಲಿತವಳು ನಾನು, ಮರೆತಿಲ್ಲವಲ್ಲ? ನೀನು ಇಂಗ್ಲಿಷ್ ಮೂರನೇ ಇಯತ್ತೆ, ಗಣಿತದಲ್ಲಿ ಹದಿನೇಳು, ಪ್ರಗತಿಪುಸ್ತಕದ ಮೇಲೆ ಅಪ್ಪನ ಮೋಡಿ ಲಿಪಿಯ ಸಹಿ ಬೇಕಿತ್ತು. ನನಗೆ ಹತ್ತು ವರ್ಷ. "ಸಹಿ ಮಾಡ್ಯಾನ ಯಾರ ಅಪ್ಪ?" ಎಂಬ ಆ ಹಾಡಿನ ಮೂರನೆಯ ಸಾಲನ್ನು ಅಪ್ಪ ಇರುವ ತನಕ ಅವರೆದುರು ನಾನು ಹಾಡಲಿಲ್ಲ. ಆದರೆ ಅವತ್ತು ನೀನು ಕೇಳಿದ್ದಿ, ದಾಮಣ್ಣ. ಬಚ್ಚಲ ಹಿಂದೆ ನಿಂತು, ಕಣ್ಣಲ್ಲಿ ನೀರು ತಂದುಕೊಂಡು, "ಕುಮೂ, ಇದೊಂದ ಸಲ ಮಾಡಿಕೊಡ" ಎಂದು ಕೇಳಿದ್ದಿ, ಅದಕ್ಕೇ ಮಾಡಿದೆ. ಈಗ ಆ ಜಾಗ ಖಾಲಿ ಬಿಟ್ಟು ನಾನು ಕೇಳುತ್ತಿದ್ದೇನೆ. ಬಸ್ಸು ಬಂತು.